ಗಾಳಿಗೆ ಬೆನ್ನು ಮಾಡಿ ಹೊರಡುವ ಮುನ್ನ: ಡೌನ್‌ವಿಂಡ್‌ಗೆ ಯಾವ ಬೋರ್ಡ್, ಯಾವ ಪ್ಯಾಡಲ್?

ಸ್ಟ್ಯಾಂಡ್‌ಅಪ್ ಪ್ಯಾಡಲ್‌ಬೋರ್ಡ್ (ಹಲಗೆಯ ಮೇಲೆ ನಿಂತು ಪ್ಯಾಡಲ್‌ನಿಂದ ಹುಟ್ಟು ಹಾಕುವ ಆಟ) ಕಲಿಸುವವರು ಮೊದಲ ದಿನವೇ ಒಂದು ಮಾತು ಹೇಳುತ್ತಾರೆ: ಗಾಳಿ ಎದ್ದರೆ ನೀರಿಗಿಳಿಯಬೇಡಿ. ಒಳ್ಳೆಯ ಮಾತೇ. ಬೋರ್ಡ್ ಮೇಲೆ ನೆಟ್ಟಗೆ ನಿಂತ ಮನುಷ್ಯ ಗಾಳಿಯ ಪಾಲಿಗೆ ಒಂದು ಹಾಯಿ ಇದ್ದ ಹಾಗೆ. ಎದುರುಗಾಳಿಯಲ್ಲಿ ಎಷ್ಟು ಹುಟ್ಟು ಹಾಕಿದರೂ ಇದ್ದಲ್ಲೇ ಇರುತ್ತಾನೆ. ಅಡ್ಡಗಾಳಿ ಬಂದರೆ ಒಂದೇ ಪಕ್ಕ ಹುಟ್ಟು ಹಾಕಿ ಹಾಕಿ ಭುಜ ಬಿದ್ದುಹೋಗುತ್ತದೆ.

ಆದರೆ ಕೆಲವರು ಗಾಳಿಯನ್ನೇ ಕಾಯುತ್ತಾರೆ. ನೀರಿನ ಮೇಲೆ ಬಿಳಿ ನೊರೆ ಕಾಣಿಸಿದ ಕೂಡಲೇ ಉಳಿದವರು ಬೋರ್ಡ್ ಎತ್ತಿಕೊಂಡು ಮನೆಗೆ ಹೊರಡುತ್ತಾರೆ, ಇವರು ಬೋರ್ಡ್ ಇಳಿಸುತ್ತಾರೆ. ಗಾಳಿಗೆ ಬೆನ್ನು ಮಾಡಿ, ಅದು ಎಬ್ಬಿಸಿದ ಅಲೆಗಳ ಮೇಲೆ ಜಾರುತ್ತಾ, ಹತ್ತು ಹದಿನೈದು ಕಿಲೋಮೀಟರ್ ಆಚೆಗಿನ ಇನ್ನೊಂದು ದಡಕ್ಕೆ ಹೋಗಿ ಇಳಿಯುತ್ತಾರೆ. ಇದೇ ಡೌನ್‌ವಿಂಡ್. ಆಡುವವರು ಆ ಅಲೆಗಳಿಗೆ 'ಬಂಪ್' ಅನ್ನುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ನೋಡಿದವರು ಸಾಮಾನ್ಯವಾಗಿ ಅಂದುಕೊಳ್ಳುವುದೇನು? ಗಾಳಿ ಹಿಂದಿನಿಂದ ತಳ್ಳುತ್ತದೆ, ಇವರು ಸುಮ್ನೆ ನಿಂತಿರುತ್ತಾರೆ ಅಂತ. ಹಾಗಲ್ಲ. ಬೆನ್ನಿಗೆ ಬೀಳುವ ಗಾಳಿಯ ಒತ್ತಡ ಇದರಲ್ಲಿ ಚಿಕ್ಕ ಪಾಲು. ನಿಜವಾದ ಕೆಲಸ ಮಾಡುವುದು ಅಲೆಯ ಇಳಿಜಾರು. ಆ ಇಳಿಜಾರಿನ ಮೇಲೆ ಹತ್ತಿ ಕೂರುವುದಕ್ಕೆ ಒಂದು ಅಡ್ಡಿ ಇದೆ. ಆ ಅಡ್ಡಿ ಏನೆಂದು ಗೊತ್ತಾದರೆ ಬೋರ್ಡ್ ಯಾಕೆ ಆ ಆಕಾರದಲ್ಲಿದೆ, ಪ್ಯಾಡಲ್ ಯಾಕೆ ಗಿಡ್ಡ, ಬೋರ್ಡಿನ ಅಡಿಗೆ ಕಟ್ಟುವ ರೆಕ್ಕೆ, ಅಂದರೆ ಫಾಯಿಲ್, ಯಾಕೆ ಬಂತು ಎಲ್ಲವೂ ತಾನಾಗಿ ಅರ್ಥವಾಗುತ್ತದೆ.

ಒಂಬತ್ತಕ್ಕೂ ಇಪ್ಪತ್ತಕ್ಕೂ ನಡುವಿನ ಕಂದಕ

ಸಣ್ಣ ಲೆಕ್ಕ ಮಾಡೋಣ. ಬೋರ್ಡ್ ನೀರನ್ನು ಸೀಳಿಕೊಂಡು ಹೋಗುವಾಗ ತನ್ನದೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಷ್ಟೂ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ಬೋರ್ಡಿನ ಉದ್ದಕ್ಕೆ ಸಮವಾದಾಗ, ಬೋರ್ಡ್ ತಾನೇ ತೋಡಿದ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ವೇಗ ಸ್ವಲ್ಪ ಹೆಚ್ಚಿಸಬೇಕೆಂದರೂ ಶಕ್ತಿ ವಿಪರೀತ ಬೇಕು. ದೋಣಿ ಕಟ್ಟುವವರು ಬಳಸುವ ಹಳೆಯ ಲೆಕ್ಕದ ಪ್ರಕಾರ 14 ಅಡಿ ಉದ್ದಕ್ಕೆ ಈ ಮಿತಿ ಗಂಟೆಗೆ ಸುಮಾರು 9.3 ಕಿ.ಮೀ. ಹನ್ನೆರಡೂವರೆ ಅಡಿಗೆ 8.8. ತೆಳ್ಳನೆಯ ಬೋರ್ಡ್‌ಗಳು ಇದನ್ನು ಸ್ವಲ್ಪ ದಾಟಬಲ್ಲವು, ಆದರೆ ಗಟ್ಟಿ ತೋಳಿನವರಿಗೂ ಅದು ಗಂಟೆಗಟ್ಟಲೆ ಆಗುವ ಕೆಲಸವಲ್ಲ.

ಈಗ ಅಲೆಯ ಕಡೆಗೆ ಬನ್ನಿ. ಆಳವಾದ ನೀರಿನಲ್ಲಿ ಅಲೆಯ ವೇಗವನ್ನು ತೀರ್ಮಾನಿಸುವುದು ಅದರ ಎತ್ತರ ಅಲ್ಲ, ಅವಧಿ. ಒಂದು ನೆತ್ತಿ ದಾಟಿ ಮುಂದಿನ ನೆತ್ತಿ ಬರುವುದಕ್ಕೆ ಎಷ್ಟು ಸೆಕೆಂಡು ಎಂದು ಎಣಿಸಿ. ಅದನ್ನು 5.6ರಿಂದ ಗುಣಿಸಿ. ಬರುವ ಸಂಖ್ಯೆಯೇ ಗಂಟೆಗೆ ಇಷ್ಟು ಕಿ.ಮೀ. ಎಂಬ ಲೆಕ್ಕ. 3 ಸೆಕೆಂಡಿನ ಅಲೆ 17 ಕಿ.ಮೀ. ವೇಗದಲ್ಲಿ ಓಡುತ್ತದೆ. 4 ಸೆಕೆಂಡಿನದು 22. 6 ಸೆಕೆಂಡಿನದು ಹತ್ತಿರ ಹತ್ತಿರ 34.

ಅಡ್ಡಿ ಇದೇ. ನೀವು ಎಂಟೋ ಒಂಬತ್ತೋ. ಅಲೆ ಇಪ್ಪತ್ತರ ಆಸುಪಾಸು. ಓಡುವ ಬಸ್ಸನ್ನು ನಡೆದುಕೊಂಡು ಹತ್ತಬೇಕು. ಅಲೆಯ ಮುಂಭಾಗ ಇಳಿಜಾರಾಗಿರುವುದರಿಂದ ಮಾತ್ರ ಇದು ಸಾಧ್ಯವಾಗುತ್ತದೆ. ಅಲೆ ಬೋರ್ಡಿನ ಬಾಲವನ್ನು ಎತ್ತಿದ ಆ ಒಂದೆರಡು ಸೆಕೆಂಡಿನಲ್ಲಿ ನಿಮ್ಮ ಭಾರವೇ ನಿಮ್ಮನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕೆ ನಾಲ್ಕೈದು ಜೋರು ಹುಟ್ಟು ಸೇರಿದರೆ ಬೋರ್ಡ್ ತನ್ನ ತಗ್ಗಿನಿಂದ ಎದ್ದು ನೀರಿನ ಮೇಲೆ ಜಾರತೊಡಗುತ್ತದೆ. ಸೇರದಿದ್ದರೆ ಅಲೆ ಕೆಳಗಿಂದ ಜಾರಿ ಮುಂದೆ ಹೋಗುತ್ತದೆ. ನೀವು ಅದರ ಬೆನ್ನನ್ನು ನೋಡುತ್ತಾ ನಿಂತಿರುತ್ತೀರಿ.

ಇನ್ನೊಂದು ವಿಚಿತ್ರವಿದೆ, ಅದು ನನಗೆ ಈ ಆಟದ ಅತ್ಯಂತ ಚೆಂದದ ಭಾಗ. ಹತ್ತಿದ ಅಲೆ ಉಳಿಯುವುದಿಲ್ಲ. ನಿಂತ ನೀರಿಗೆ ಒಂದು ದೊಡ್ಡ ಕಲ್ಲು ಹಾಕಿ ಗಮನಿಸಿ ನೋಡಿ. ಉಂಗುರಗಳ ಒಂದು ಪಟ್ಟಿ ಹೊರಕ್ಕೆ ಹರಡುತ್ತದೆ. ಆ ಪಟ್ಟಿಯೊಳಗಿನ ಒಂದೊಂದು ಸಣ್ಣ ಅಲೆ ಪಟ್ಟಿಯ ಹಿಂದೆ ಹುಟ್ಟಿ, ಮುಂದಕ್ಕೆ ಓಡಿ, ಅಂಚಿಗೆ ಬಂದು ಮಾಯವಾಗುತ್ತದೆ. ಆಳದ ನೀರಿನಲ್ಲಿ ಅಲೆಗಳ ಗುಂಪು ಸಾಗುವುದು ಒಂದೊಂದು ಅಲೆಯ ಅರ್ಧ ವೇಗದಲ್ಲಿ. ಅಂದರೆ ನೀವು ಹತ್ತಿದ ಬಂಪ್ ತನ್ನ ಗುಂಪನ್ನೇ ಹಿಂದೆ ಹಾಕಿ ಓಡುತ್ತಿದೆ. ಗುಂಪಿನ ಮುಂದುಗಡೆ ತಲುಪಿದ ಮೇಲೆ ಅದು ಕಾಲ ಕೆಳಗೇ ಕರಗಿಹೋಗುತ್ತದೆ. ಬೆನ್ನ ಹಿಂದೆ, ಪಕ್ಕದಲ್ಲಿ ಬೇರೆ ಅಲೆಗಳು ಎದ್ದಿರುತ್ತವೆ. ಒಂದು ಸಾಯುವ ಮುಂಚೆ ಇನ್ನೊಂದಕ್ಕೆ ದಾಟಿಕೊಳ್ಳಬೇಕು. ದಡದ ಸರ್ಫಿಂಗ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಅಲ್ಲಿ ಒಂದು ಅಲೆ ಸಿಕ್ಕರೆ ದಡದವರೆಗೆ. ಇಲ್ಲಿ ಒಂದು ಗಂಟೆಯಲ್ಲಿ ನೂರಾರು ಸಲ ಹತ್ತಿ ಇಳಿಯಬೇಕು.

ಹತ್ತು ಸೆಕೆಂಡು

ಒಂದು ಬಂಪನ್ನು ನಿಧಾನವಾಗಿ ನೋಡೋಣ. ನೀವು ಬೋರ್ಡಿನ ನಡುಮಧ್ಯ, ಎರಡು ಪಾದ ಪಕ್ಕಪಕ್ಕ, ಮಂಡಿ ಸಡಿಲ. ಹಿಂದೆ ತಿರುಗಿ ನೋಡುವ ಆಸೆಯಾಗುತ್ತದೆ. ನೋಡಬೇಡಿ, ತಿರುಗಿದರೆ ಬೀಳುತ್ತೀರಿ. ಅಲೆ ಬಂತು ಅಂತ ಕಾಲೇ ಹೇಳುತ್ತದೆ. ಮೊದಲು ಬೋರ್ಡ್ ಸ್ವಲ್ಪ ಹಿಂದಕ್ಕೆ ಎಳೆದ ಹಾಗೆ, ನಿಂತುಬಿಟ್ಟ ಹಾಗೆ ಅನ್ನಿಸುತ್ತದೆ. ಆಮೇಲೆ ಹಿಮ್ಮಡಿಯ ಕೆಳಗೆ ಬಾಲ ಏಳುತ್ತದೆ. ಮೂತಿಯ ಮುಂದೆ ನೀರು ತಗ್ಗಾಗಿ ಕಾಣುತ್ತದೆ. ಹೊಡೆಯಬೇಕಾದದ್ದು ಈಗ. ಒಂದು ಸೆಕೆಂಡು ಮುಂಚೆ ಹೊಡೆದರೆ ಶಕ್ತಿ ದಂಡ, ಒಂದು ಸೆಕೆಂಡು ತಡವಾದರೆ ಅಲೆ ಹೋಯಿತು.

ಚಿಕ್ಕ ಚಿಕ್ಕ, ಬೇಗ ಬೇಗ ಹುಟ್ಟು. ನಾಲ್ಕನೆಯದಕ್ಕೆ ಶಬ್ದ ಬದಲಾಗುತ್ತದೆ. ಅಲ್ಲಿಯವರೆಗೆ ಬೋರ್ಡಿನ ಅಡಿ ಗುಳುಗುಳು ಅನ್ನುತ್ತಿದ್ದ ನೀರು ಈಗ ಬಟ್ಟೆ ಹರಿದ ಹಾಗೆ ಸರ್ ಅನ್ನುತ್ತದೆ. ಬೋರ್ಡ್ ಜಾರತೊಡಗಿದೆ. ಹುಟ್ಟು ನಿಲ್ಲಿಸಿ. ಒಂದು ಕಾಲು ಹಿಂದಕ್ಕೆ, ಇಲ್ಲವಾದರೆ ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಂಡು ನೀವು ಅದರ ಮೇಲಿಂದ ಹಾರುತ್ತೀರಿ. ಈಗ ಕಣ್ಣು ಮುಂದಿನ ಅಲೆಯ ಮೇಲಲ್ಲ, ಅದರ ಪಕ್ಕದ ತಗ್ಗಿನ ಮೇಲೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ವೇಗ ಸಿಕ್ಕ ಖುಷಿಗೆ ನೇರ ಮುಂದಕ್ಕೆ ಹೋಗಿ ಮುಂದಿನ ಅಲೆಯ ಬೆನ್ನು ಹತ್ತಲು ನೋಡುತ್ತಾರೆ. ಅದು ಏರು. ವೇಗ ಅಲ್ಲೇ ಮುಗಿಯಿತು. ಎಲ್ಲಿ ನೀರು ಕೆಳಗಿದೆಯೋ ಅತ್ತ ಬೋರ್ಡ್ ತಿರುಗಿಸಬೇಕು, ಎಡವೋ ಬಲವೋ.

ಇಷ್ಟೆಲ್ಲ ಹತ್ತು ಸೆಕೆಂಡಿನಲ್ಲಿ. ಒಳ್ಳೆಯ ಡೌನ್‌ವಿಂಡ್‌ನವರು ನೋಡಲು ಸೋಮಾರಿಗಳ ಹಾಗೆ ಕಾಣುತ್ತಾರೆ. ನಾಲ್ಕು ಹುಟ್ಟು, ಆಮೇಲೆ ಪ್ಯಾಡಲ್ ಗಾಳಿಯಲ್ಲಿ.

ಬೋರ್ಡ್: ಅಗಲದ ಬಗ್ಗೆ ಮೊದಲು

ಬೋರ್ಡ್ ಕೊಳ್ಳುವವರು ಮೊದಲು ಉದ್ದ ಕೇಳುತ್ತಾರೆ. ನಾನಾದರೆ ಅಗಲದಿಂದ ಶುರು ಮಾಡುತ್ತೇನೆ. ಹಾಯಾದ, ಅಂದರೆ ಅಲೆಯಿಲ್ಲದ, ನೀರಿನ ರೇಸ್ ಬೋರ್ಡ್‌ಗಳು 21ರಿಂದ 23 ಇಂಚು ಅಗಲ ಇರುತ್ತವೆ. ತೆಳ್ಳಗಿದ್ದಷ್ಟೂ ವೇಗ, ನಿಜ. ಆದರೆ ಡೌನ್‌ವಿಂಡ್‌ನಲ್ಲಿ ನೀರು ಒಂದೇ ದಿಕ್ಕಿನಿಂದ ಬರುವುದಿಲ್ಲ. ದೊಡ್ಡ ಅಲೆಯ ಮೇಲೆ ಚಿಕ್ಕ ಅಲೆ, ಪಕ್ಕದಿಂದ ಬಂದ ಇನ್ನೊಂದು. ತೆಳ್ಳನೆಯ ಬೋರ್ಡಿನಲ್ಲಿ ನಿಮ್ಮ ಅರ್ಧ ಶಕ್ತಿ ಬೀಳದೆ ಇರುವುದಕ್ಕೇ ಹೋಗುತ್ತದೆ. ಮಿಕ್ಕಿದ್ದರಲ್ಲಿ ಬಂಪ್ ಹಿಡಿಯಬೇಕು. ಒಂದು ಸಲ ಬಿದ್ದು, ಹತ್ತಿ, ಎದ್ದು ನಿಲ್ಲುವಷ್ಟರಲ್ಲಿ ತೆಳ್ಳಗಿನ ಬೋರ್ಡ್ ಉಳಿಸಿಕೊಟ್ಟ ಸೆಕೆಂಡುಗಳೆಲ್ಲ ಬಡ್ಡಿ ಸಮೇತ ಹೋಗಿರುತ್ತವೆ.

ಕಲಿಯುವವರಿಗೆ 26–28 ಇಂಚು ಅಗಲ ಹೆಚ್ಚೇನೂ ಅಲ್ಲ. ಕಾಲು ಪಳಗಿದ ಮೇಲೆ 24–25ಕ್ಕೆ ಇಳಿಯಬಹುದು. ಪರೀಕ್ಷೆ ಸುಲಭ: ನೊರೆ ಇರುವ ನೀರಿನಲ್ಲಿ ಹುಟ್ಟು ಹಾಕದೆ ಅರ್ಧ ನಿಮಿಷ ಸುಮ್ನೆ ನಿಲ್ಲಿ. ನಿಲ್ಲಲಾಗದಿದ್ದರೆ ಆ ಬೋರ್ಡ್ ಈಗ ನಿಮ್ಮದಲ್ಲ. ಮುಂದೊಂದು ದಿನ ಆಗಬಹುದು.

ಅಗಲದ ನಂತರ ರಾಕರ್. ಬೋರ್ಡನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿದರೆ ಅಡಿಭಾಗ ತೂಗುಕುರ್ಚಿಯ ಕಾಲಿನ ಹಾಗೆ ಬಾಗಿರುತ್ತದಲ್ಲ, ಅದು. ಹಾಯಾದ ನೀರಿನ ಬೋರ್ಡಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಮೂತಿ ಕತ್ತಿಯಂತೆ ನೀರೊಳಗೆ ಇಳಿದು ಸೀಳುತ್ತದೆ. ಅದೇ ಮೂತಿ ಬಂಪ್ ಮೇಲೆ ಹೋದರೆ ಎರಡು ತೊಂದರೆ ಕೊಡುತ್ತದೆ. ತಗ್ಗಿಗೆ ಇಳಿದಾಗ ಮುಳುಗುತ್ತದೆ. ತಿರುಗಿಸಲು ಹೋದರೆ ಚುಚ್ಚಿಕೊಂಡು ತನ್ನ ದಾರಿಯನ್ನೇ ಹಿಡಿಯುತ್ತದೆ, ನಿಮ್ಮ ಮಾತು ಕೇಳುವುದಿಲ್ಲ. ಹಾಗಾಗಿ ಡೌನ್‌ವಿಂಡ್ ಬೋರ್ಡಿನ ಮೂತಿ ಮೇಲಕ್ಕೆದ್ದಿರುತ್ತದೆ, ಅಲ್ಲಿ ಗಾತ್ರವೂ ಜಾಸ್ತಿ. ಮುಳುಗಿದರೂ ಕಾರ್ಕಿನ ಹಾಗೆ ಎದ್ದು ಬರಬೇಕು. ಬಾಲದ ಕಡೆ ಅಡಿಭಾಗ ಚಪ್ಪಟೆ, ಅಂಚು ಚೂಪು. ನೀರು ಅಲ್ಲಿ ಅಂಟಿಕೊಳ್ಳದೆ ಬಿಟ್ಟುಹೋದರೆ ತಾನೇ ಜಾರುವುದು? ಹವಾಯಿಯ ಮಾವಿ ದ್ವೀಪದಲ್ಲಿ ಹುಟ್ಟಿದ ಎಸ್‌ಐಸಿ ಕಂಪನಿಯ 'ಬುಲೆಟ್' ಬೋರ್ಡ್ ಈ ಆಕಾರಕ್ಕೆ ಹೆಸರಾದ ಉದಾಹರಣೆ. ಈಗ ಬರುವ ಎಷ್ಟೋ ರೇಸ್ ಬೋರ್ಡ್‌ಗಳು ಎರಡೂ ಕಡೆ ಕಾಲಿಟ್ಟಿರುತ್ತವೆ: ಮೂತಿಯಲ್ಲಿ ಸ್ವಲ್ಪ ರಾಕರ್, ಮಧ್ಯದಲ್ಲಿ ನೇರ. ಒಂದೇ ಬೋರ್ಡಿನಲ್ಲಿ ಎಲ್ಲ ಮಾಡುವವರಿಗೆ ಅದು ಸಾಕು.

ರಾಕರ್ ಪುಕ್ಕಟೆ ಅಲ್ಲ ಅನ್ನುವುದೂ ತಿಳಿದಿರಲಿ. ಬಾಗು ಹೆಚ್ಚಿದಷ್ಟೂ ಹಾಯಾದ ನೀರಿನಲ್ಲಿ ಬೋರ್ಡ್ ನೀರನ್ನು ತಳ್ಳುತ್ತಾ ನಿಧಾನವಾಗುತ್ತದೆ. ಗಾಳಿ ಕೈಕೊಟ್ಟ ದಿನ ಕೊನೆಯ ಮೂರು ಕಿಲೋಮೀಟರ್ ಅದರ ಮೇಲೆ ಎಳೆದುಕೊಂಡು ಬಂದವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನು ಉದ್ದ. ಹೆಚ್ಚಿನವರು ಬಳಸುವುದು 14 ಅಡಿ, ಅಂದರೆ 4.3 ಮೀಟರ್‌ಗೆ ಸ್ವಲ್ಪ ಕಡಿಮೆ. ಉದ್ದದ ಬೋರ್ಡ್ ವೇಗವನ್ನು ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಬಂಪ್ ಸತ್ತು ಇನ್ನೊಂದು ಸಿಗುವ ನಡುವಿನ ಆ ಸಪ್ಪೆ ನೀರನ್ನು ಜಾರಿಕೊಂಡೇ ದಾಟಿಸುತ್ತದೆ. ಆದರೆ ಅಲೆಗಳ ಅಂತರವನ್ನೂ ನೋಡಬೇಕು. 2 ಸೆಕೆಂಡಿನ ಗಿಡ್ಡ ಅಲೆಯಲ್ಲಿ ನೆತ್ತಿಯಿಂದ ನೆತ್ತಿಗೆ ಆರು ಮೀಟರ್ ಚಿಲ್ಲರೆ. ಅದರಲ್ಲಿ 4.3 ಮೀಟರ್ ಬೋರ್ಡ್ ಇಟ್ಟರೆ ಮೂತಿ ಮುಂದಿನ ಅಲೆಗೆ, ಬಾಲ ಹಿಂದಿನ ಅಲೆಗೆ ತಗುಲುತ್ತಲೇ ಇರುತ್ತದೆ. 3 ಸೆಕೆಂಡಿಗೆ ಅಂತರ 14 ಮೀಟರ್ ಆಗುತ್ತದೆ, 4 ಸೆಕೆಂಡಿಗೆ 25. ಅಲ್ಲಿ ಜಾಗವೇ ಜಾಗ. ಆದ್ದರಿಂದ ಚಿಕ್ಕ ಕೆರೆ, ಕಿರಿದಾದ ಕೊಲ್ಲಿಯಂಥ ಕಡೆ ಹನ್ನೆರಡೂವರೆ ಅಡಿಯ ಬೋರ್ಡ್ ಹೆಚ್ಚು ಮಜಾ ಕೊಡಬಹುದು, ಹಗುರ ದೇಹದವರಿಗಂತೂ ಖಂಡಿತ. ಇನ್ನೊಂದು ತುದಿಯಲ್ಲಿ 17–18 ಅಡಿಯ 'ಅನ್‌ಲಿಮಿಟೆಡ್' ಬೋರ್ಡ್‌ಗಳಿವೆ. ಅವನ್ನು ಕಾಲಿನಿಂದ ಚುಕ್ಕಾಣಿ ತಿರುಗಿಸಿ ನಡೆಸುತ್ತಾರೆ. ಹವಾಯಿಯ ಮೊಲೊಕಾಯಿಯಿಂದ ಓವಾಹುಗೆ ದಾಟುವ ಸುಮಾರು 51 ಕಿ.ಮೀ. ಕಡಲ ಹಾದಿಯಂಥ ತೆರೆದ ಸಮುದ್ರಕ್ಕೆ ಹುಟ್ಟಿದವು ಅವು. ಮನೆಯಲ್ಲಿ ಎಲ್ಲಿಡುತ್ತೀರಿ ಅನ್ನುವುದು ಬೇರೆ ಪ್ರಶ್ನೆ.

ಬೋರ್ಡಿನ ಗಾತ್ರದ ಲೀಟರ್ ಲೆಕ್ಕಕ್ಕೆ ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 14 ಅಡಿಯ ಬೋರ್ಡ್ ಅಂದರೆ 250 ಲೀಟರ್ ಆಸುಪಾಸು ಅಥವಾ ಮೇಲೆ, ಬಹಳಷ್ಟು ಜನರನ್ನು ಅದು ಹೊರುತ್ತದೆ. ನೋಡಬೇಕಾದದ್ದು ನಿಲ್ಲುವ ಜಾಗ. ಕೆಲವು ರೇಸ್ ಬೋರ್ಡ್‌ಗಳಲ್ಲಿ ಕಾಲಿಡುವ ಜಾಗ ಗುಂಡಿಯಂತೆ ಒಳಗಿರುತ್ತದೆ. ಕೆಳಗೆ ನಿಂತಷ್ಟೂ ಅಲುಗಾಟ ಕಡಿಮೆ, ಅದು ಒಳ್ಳೆಯದೇ. ಆದರೆ ಹಿಂದಕ್ಕೆ ಕಾಲು ಹಾಕುವಾಗ ಗೋಡೆ ಎಡವಬಾರದು, ಒಳಗೆ ಬಿದ್ದ ನೀರು ತಾನೇ ಬರಿದಾಗಬೇಕು. ಕತ್ತಲಲ್ಲಿ ಮೆಟ್ಟಿಲು ಇಳಿಯುವಷ್ಟು ಸಹಜವಾಗಿ ಹಿಂದೆ ಮುಂದೆ ನಡೆದಾಡಲು ಆಗಬೇಕು.

ಗಾಳಿ ತುಂಬುವ ಬೋರ್ಡ್ ನಡೆಯುತ್ತದಾ? ನಡೆಯುತ್ತದೆ, ಚಿಕ್ಕ ಗಾಳಿಗೆ. ಅಲೆ ಕೆಳಗೆ ಹಾದಾಗ ಅದು ಸ್ವಲ್ಪ ಬಳುಕುತ್ತದೆ, ಆ ಬಳುಕಿನಲ್ಲಿ ನಿಮ್ಮ ಹುಟ್ಟಿನ ಶಕ್ತಿ ಸೋರುತ್ತದೆ. ಅಂಚು ಉರುಟಾಗಿರುವುದರಿಂದ ನೀರು ಅಂಟಿಕೊಂಡೇ ಇರುತ್ತದೆ, ಸುಲಭವಾಗಿ ಬಿಡುವುದಿಲ್ಲ. ಗಟ್ಟಿ ಬೋರ್ಡಿನವರು ಹಿಡಿದ ಮೂರು ಬಂಪಿಗೆ ನಿಮಗೊಂದು ಸಿಗಬಹುದು. ಆದರೂ ಒಂದು ಅನುಕೂಲವನ್ನು ಯಾರೂ ಹೇಳುವುದಿಲ್ಲ. ಡೌನ್‌ವಿಂಡ್ ಒಂದೇ ಕಡೆಯ ಪ್ರಯಾಣ. ಗಾಳಿ ಬಿಟ್ಟು, ಸುತ್ತಿ, ಬೆನ್ನಿಗೆ ಹಾಕಿಕೊಂಡು ಬಸ್ ಹತ್ತಿ ವಾಪಸ್ ಬರಬಹುದಾದ ಬೋರ್ಡ್ ಅದೊಂದೇ.

ಪ್ಯಾಡಲ್ ಮತ್ತು ಫಿನ್

ಹಾಯಾದ ನೀರಿನ ರೇಸಿಗೆ ಪ್ಯಾಡಲ್ ನಿಮ್ಮ ಎತ್ತರಕ್ಕಿಂತ 20–25 ಸೆಂ.ಮೀ. ಉದ್ದ ಇಟ್ಟುಕೊಳ್ಳುವುದು ರೂಢಿ. ಡೌನ್‌ವಿಂಡ್‌ಗೆ ಅದರಿಂದ ಮೂರರಿಂದ ಐದು ಸೆಂ.ಮೀ. ಕಡಿಮೆ ಮಾಡಿ. ಕಾರಣ ನಿಲ್ಲುವ ಭಂಗಿ: ಮಂಡಿ ಬಾಗಿರುತ್ತದೆ, ಕಾಲು ಅಗಲ, ಮೈ ಕೆಳಗೆ. ಉದ್ದದ ಪ್ಯಾಡಲ್ ಹಿಡಿದರೆ ಮೇಲಿನ ಕೈ ತಲೆಯ ಮೇಲೆ ಹೋಗಿ ಭುಜ ನೋಯುತ್ತದೆ, ಹುಟ್ಟೂ ನಿಧಾನವಾಗುತ್ತದೆ.

ಎಲೆ, ಅಂದರೆ ನೀರಿಗಿಳಿಯುವ ಅಗಲ ಭಾಗ, ಚಿಕ್ಕದಿರಲಿ. ಸೈಕಲ್ ಗೇರ್ ನೆನಪಿಸಿಕೊಳ್ಳಿ. ಏರು ಹತ್ತುವಾಗ ಹಗುರ ಗೇರ್ ಹಾಕಿ ಬೇಗ ಬೇಗ ತುಳಿಯುತ್ತೇವಲ್ಲ, ಹಾಗೆ. ಬಂಪ್ ಹಿಡಿಯುವ ನಾಲ್ಕು ಹುಟ್ಟು ಎರಡೇ ಸೆಕೆಂಡಿನಲ್ಲಿ ಮುಗಿಯಬೇಕು. ದೊಡ್ಡ ಎಲೆ ನೀರಿನಲ್ಲಿ ಹೂತುಕೊಂಡು ನಿಂತುಬಿಡುತ್ತದೆ. 80–90 ಚದರ ಇಂಚಿನೊಳಗಿನದು ಬಹುತೇಕರಿಗೆ ಹೊಂದುತ್ತದೆ, ಹಗುರ ಮೈಯವರು ಇನ್ನೂ ಕೆಳಗೆ ಹೋಗಬಹುದು. ಶುರುವಿನಲ್ಲಿ ಉದ್ದ ಬದಲಾಯಿಸಬಹುದಾದ ಪ್ಯಾಡಲ್ ಇಟ್ಟುಕೊಂಡು ಹತ್ತು ದಿನ ಆಡಿ. ನಿಮ್ಮ ಅಳತೆ ಗೊತ್ತಾದ ಮೇಲೆ ಕಾರ್ಬನ್ ಕೋಲು ಕತ್ತರಿಸಿದರಾಯಿತು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ.

ಫಿನ್, ಅಂದರೆ ಬಾಲದ ಅಡಿಯಲ್ಲಿರುವ ಮೀನಿನ ರೆಕ್ಕೆಯಂಥದ್ದು, ಅದರ ಬಗ್ಗೆ ಒಂದೇ ಮಾತು. ಅಲೆ ಬಾಲವನ್ನು ಎತ್ತಿದಾಗ ಫಿನ್ ಅರ್ಧ ನೀರಿನಿಂದ ಹೊರಗೆ ಬರುತ್ತದೆ. ತುಂಬಾ ಚಿಕ್ಕದಾದರೆ ಬಾಲ ಪಕ್ಕಕ್ಕೆ ಜಾರಿ ಬೋರ್ಡ್ ಅಲೆಗೆ ಅಡ್ಡ ತಿರುಗುತ್ತದೆ. ತುಂಬಾ ದೊಡ್ಡದಾದರೆ ತಗ್ಗಿನ ಕಡೆ ತಿರುಗಿಸಲು ಬಿಡುವುದಿಲ್ಲ. ಬೋರ್ಡ್ ಜೊತೆ ಬಂದ ಫಿನ್‌ನಿಂದಲೇ ಶುರು ಮಾಡಿ. ಬಾಲ ಜಾರಿದರೆ ಒಂದು ಅಳತೆ ಮೇಲೆ ಹೋಗಿ. ಕಳೆ ಇರುವ ನೀರಾದರೆ ಹಿಂದಕ್ಕೆ ಬಾಗಿದ ಫಿನ್ ಹಾಕಿ, ಇಲ್ಲದಿದ್ದರೆ ಗಡ್ಡದಂತೆ ಕಳೆ ಕಟ್ಟಿಕೊಂಡು, ಯಾಕೆ ನಿಧಾನವಾದೆ ಅಂತ ಗೊತ್ತಾಗದೆ ಹುಟ್ಟು ಹಾಕುತ್ತಿರುತ್ತೀರಿ.

ಬೋರ್ಡ್ ಕೈ ತಪ್ಪಿದರೆ

ಸಾಮಾನಿನ ಪಟ್ಟಿಯಲ್ಲಿ ತೀರಾ ಅಗ್ಗದವುಗಳಲ್ಲಿ ಒಂದು ಲೀಶ್. ಕಾಲಿಗೂ ಬೋರ್ಡಿಗೂ ಕಟ್ಟುವ ದಾರ. ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಗಂಟೆಗೆ ಮೂವತ್ತು ಕಿ.ಮೀ. ಗಾಳಿಯಲ್ಲಿ ಖಾಲಿ ಬೋರ್ಡ್ ತರಗೆಲೆಯ ಹಾಗೆ ಉರುಳಿಕೊಂಡು ಹೋಗುತ್ತದೆ. ಯಾವ ಈಜುಗಾರನೂ ಅದನ್ನು ಹಿಡಿಯಲಾರ. ಡೌನ್‌ವಿಂಡ್‌ನಲ್ಲಿ ನೀವಿರುವುದು ದಡದಿಂದ ದೂರ, ಅಲೆಗಳ ನಡುವೆ ಒಂದು ತಲೆ ಮಾತ್ರ ಕಾಣುವ ಜಾಗದಲ್ಲಿ. ಪ್ರತಿ ಸಲ ಹೊರಡುವ ಮುನ್ನ ಲೀಶಿನ ಪಟ್ಟಿ, ಬೋರ್ಡಿಗೆ ಕಟ್ಟಿದ ಸಣ್ಣ ದಾರ ಎರಡನ್ನೂ ಎಳೆದು ನೋಡಿ. ಹೆಚ್ಚಾಗಿ ಕಿತ್ತುಹೋಗುವುದು ಆ ಸಣ್ಣ ದಾರವೇ. ಹರಿಯುವ ನದಿಯಲ್ಲಿ ಮರದ ಕೊಂಬೆ, ಕಂಬ, ಲಂಗರು ಹಾಕಿದ ದೋಣಿಗಳಿರುವ ಕಡೆ ಕಾಲಿನ ಲೀಶ್ ಬೇಡ. ಸಿಕ್ಕಿಕೊಂಡರೆ ಪ್ರವಾಹ ನಿಮ್ಮನ್ನು ತಲೆಕೆಳಗು ಮಾಡಿ ಒತ್ತಿಹಿಡಿಯುತ್ತದೆ, ಕಾಲಿಗೆ ಕೈ ಎಟಕುವುದಿಲ್ಲ. ಅಲ್ಲಿ ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೇಕು.

ಲೈಫ್ ಜಾಕೆಟ್ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಸೊಂಟದ ಬೆಲ್ಟಿನಲ್ಲಿ ಮಡಚಿಟ್ಟು ಬೇಕಾದಾಗ ಗಾಳಿ ತುಂಬುವಂಥವು ಹಾಯಾದ ನೀರಿಗೆ ಚೆಂದ. ಆದರೆ ನೊರೆ ಮುಖಕ್ಕೆ ಬಡಿಯುವಾಗ ಅದನ್ನು ಎಳೆದು, ಊದಿದ್ದನ್ನು ತಲೆಯ ಮೇಲಿಂದ ಕೊರಳಿಗೆ ಹಾಕಿಕೊಳ್ಳುವುದು ಒಮ್ಮೆ ಪ್ರಯತ್ನಿಸಿ ನೋಡಿ. ತೋಳು ಆಡಲು ಜಾಗವಿರುವ ಮೈಜಾಕೆಟ್ ವಾಸಿ. ಶಿಳ್ಳೆ, ನೀರು ಹೊಗದ ಚೀಲದಲ್ಲಿ ಫೋನ್, ತೆರೆದ ಸಮುದ್ರವಾದರೆ ದೋಣಿಯವರು ಬಳಸುವ ವಿಎಚ್‌ಎಫ್ ರೇಡಿಯೊ. ಇವೆಲ್ಲ ಮೈ ಮೇಲೆ ಇರಬೇಕು, ಬೋರ್ಡ್ ಮೇಲಲ್ಲ. ಬೋರ್ಡ್ ಹೋದ ಹೊತ್ತಿಗೇ ಅವು ಬೇಕಾಗುವುದು. ಬಟ್ಟೆ ಹಾಕಿಕೊಳ್ಳುವಾಗ ಬಿಸಿಲು ನೋಡಬೇಡಿ, ನೀರಿನ ತಂಪು ನೋಡಿ.

ಗಾಳಿಯನ್ನು ಆರಿಸುವುದು

ಸಾಮಾನು ಸರಿಯಿದ್ದು ಗಾಳಿ ತಪ್ಪಿದರೆ ಏನೂ ಇಲ್ಲ. ಅಲೆ ಬೆಳೆಯುವುದಕ್ಕೆ ಮೂರು ಬೇಕು: ಗಾಳಿಯ ಜೋರು, ಬೀಸಿದ ಹೊತ್ತು, ಅಡೆತಡೆಯಿಲ್ಲದೆ ನೀರಿನ ಮೇಲೆ ಓಡಿದ ದೂರ. ಅರ್ಧ ಗಂಟೆ ಭೋರೆಂದು ಬೀಸಿ ನಿಂತ ಗಾಳಿಗಿಂತ ಬೆಳಗಿನಿಂದ ಒಂದೇ ಸಮ ಬೀಸುತ್ತಿರುವ ಸಾಧಾರಣ ಗಾಳಿ ಒಳ್ಳೆಯ ಬಂಪ್ ಕೊಡುತ್ತದೆ. ಗಾಳಿಯ ಜೋರು ಹೇಳುವ ಬ್ಯೂಫೋರ್ಟ್ ಅಳತೆಯ 4ನೇ ಹಂತ, ಅಂದರೆ ಗಂಟೆಗೆ 20–28 ಕಿ.ಮೀ., ಬಿಳಿ ನೊರೆ ಅಲ್ಲಲ್ಲಿ ಬಿಡದೆ ಕಾಣುವ ಹಂತ. ಕಲಿಯಲು ಅದು ಸರಿ. 5ನೇ ಹಂತ, 29–38 ಕಿ.ಮೀ., ಪಳಗಿದವರ ಹಬ್ಬ.

ದಿಕ್ಕು ಇನ್ನೂ ಮುಖ್ಯ. ದಡದ ಉದ್ದಕ್ಕೂ ಬೀಸುತ್ತಾ ಸ್ವಲ್ಪ ದಡದ ಕಡೆ ವಾಲಿದ ಗಾಳಿ ಬೇಕು. ಆಗ ಏನೇ ಆದರೂ ನೀರು ನಿಮ್ಮನ್ನು ನೆಲದ ಕಡೆಗೇ ತರುತ್ತದೆ. ನೆಲದಿಂದ ಸಮುದ್ರದ ಕಡೆ ಬೀಸುವ ಗಾಳಿಯಲ್ಲಿ ದಡದ ಹತ್ತಿರ ನೀರು ಕನ್ನಡಿಯಂತೆ ಮೋಸ ಮಾಡುತ್ತದೆ. ಅದರಲ್ಲಿ ಹೊರಟರೆ ತಲುಪುವ ದಡ ಯಾವುದೆಂದು ಹೇಳಲಾಗದು.

ಈ ಆಟದ ತವರು ಮಾವಿಯ ಉತ್ತರ ದಂಡೆ. ಮಲಿಕೊ ಎಂಬ ಕಣಿವೆಯ ಬಾಯಿಯಿಂದ ಕಹುಲುಯಿ ಬಂದರಿನವರೆಗೆ ಸುಮಾರು 15 ಕಿ.ಮೀ., ಈಶಾನ್ಯದ ವಾಣಿಜ್ಯ ಮಾರುತ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಅಲ್ಲಿ ದಂಡೆಯ ಉದ್ದಕ್ಕೆ ಬೀಸುತ್ತದೆ. ಇದಕ್ಕೆ ಪೂರಾ ಉಲ್ಟಾ ಜಾಗ ಅಮೆರಿಕದ ಕೊಲಂಬಿಯಾ ನದಿಯ ಕಮರಿ. ಸಮುದ್ರವೇ ಇಲ್ಲ. ನದಿ ಪಶ್ಚಿಮಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಒಳನಾಡು ಕಾದು, ಕರಾವಳಿಯ ತಂಪು ಗಾಳಿ ಕಮರಿಯೊಳಗೆ ನುಗ್ಗಿ ಪೂರ್ವಕ್ಕೆ ಬೀಸುತ್ತದೆ. ಹರಿವಿಗೆ ಎದುರಾದ ಗಾಳಿ ಅಲೆಗಳನ್ನು ಒತ್ತೊತ್ತಾಗಿ, ಕಡಿದಾಗಿ ಎಬ್ಬಿಸುತ್ತದೆ. ಅಲೆ ಕಡಿದಾದರೆ ಹಿಡಿಯುವುದು ಸುಲಭ, ಮೂತಿ ಚುಚ್ಚುವುದೂ ಸುಲಭ. ಅಲ್ಲಿ ಜನ ಹೊರಡುವ ಜಾಗದ ಹೆಸರು ವಿಯೆಂಟೊ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಗಾಳಿ. ಆದರೆ ಹೆಸರು ಬಂದದ್ದು ಗಾಳಿಯಿಂದಲ್ಲವಂತೆ, ರೈಲು ಹಾದಿಗೆ ನಂಟಿದ್ದ ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಇಟ್ಟದ್ದು!

ಫಾಯಿಲ್ ಬಂದ ಮೇಲೆ

ಕಳೆದ ಕೆಲವು ವರ್ಷಗಳಲ್ಲಿ ಡೌನ್‌ವಿಂಡ್ ಅಂದರೆ ತುಂಬಾ ಜನರ ಕಣ್ಣ ಮುಂದೆ ಬರುವುದು ನೀರಿನಿಂದ ಎರಡು ಅಡಿ ಮೇಲೆ ತೇಲುವ ಚಿಕ್ಕ ಬೋರ್ಡ್. 2016ರಲ್ಲಿ ಮಾವಿಯ ಸರ್ಫರ್ ಕೈ ಲೆನ್ನಿ ಫಾಯಿಲ್ ಮೇಲೆ ತೆರೆದ ಸಮುದ್ರದಲ್ಲಿ ಹಾರುವ ವಿಡಿಯೊ ಬಂದಾಗ ನೋಡಿದವರು ಕಣ್ಣುಜ್ಜಿಕೊಂಡರು. ಬೋರ್ಡಿನ ಅಡಿಗೆ ಒಂದು ಕಂಬ, ಅದರ ತುದಿಗೆ ವಿಮಾನದಂಥ ರೆಕ್ಕೆ. ವೇಗ ಬಂದರೆ ರೆಕ್ಕೆ ಎತ್ತುತ್ತದೆ. ಬೋರ್ಡ್ ಗಾಳಿಯಲ್ಲಿ, ರೆಕ್ಕೆ ಮಾತ್ರ ನೀರಿನಲ್ಲಿ.

ಮೊದಲು ಹೇಳಿದ ಕಂದಕ ನೆನಪಿದೆಯಾ? ಫಾಯಿಲ್ ಅದನ್ನು ಒಂದೇ ಹೊಡೆತಕ್ಕೆ ಮುಚ್ಚುತ್ತದೆ. ಬೋರ್ಡ್ ನೀರು ಬಿಟ್ಟ ಮೇಲೆ ತಡೆಯೇ ಹೆಚ್ಚು ಉಳಿಯದು. ಗಂಟೆಗೆ 20 ಕಿ.ಮೀ. ಮೀರಿ ಓಡುವ ಬಂಪಿನ ಜೊತೆ, ಕಣ್ಣಿಗೂ ಕಾಣದ ಸಣ್ಣ ಇಳಿಜಾರಿನಲ್ಲಿ, ಹುಟ್ಟೇ ಹಾಕದೆ ಹೋಗಬಹುದು. ಆದರೆ ಕಂದಕ ಮಾಯವಾಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಈಗ ಕಷ್ಟವೆಲ್ಲ ಏಳುವ ಆ ಕೆಲವು ಸೆಕೆಂಡಿನಲ್ಲಿ. ಶುರುವಿನಲ್ಲಿ ಬಳಸುತ್ತಿದ್ದ ಗಿಡ್ಡ, ಅಗಲ ಬೋರ್ಡ್‌ಗಳು ನೀರಿನಲ್ಲಿ ಹಲಗೆಯ ಹಾಗೆ ನಿಂತುಬಿಡುತ್ತಿದ್ದವು. ರೆಕ್ಕೆ ಎತ್ತುವಷ್ಟು ವೇಗಕ್ಕೆ ಬರುವಷ್ಟರಲ್ಲಿ ಎದೆ ಒಡೆಯುತ್ತಿತ್ತು. ಸರ್ಫರ್ ಡೇವ್ ಕಲಾಮಾ ಅದನ್ನು ಉದ್ದ, ತೆಳ್ಳಗೆ ಮಾಡಿ 'ಬರಾಕುಡಾ' ಎಂಬ ಆಕಾರ ತಂದರು. ಏಳೆಂಟು ಅಡಿ ಉದ್ದ, 20 ಇಂಚಿನ ಆಸುಪಾಸು ಅಗಲ, ದೋಣಿಯಂಥ ಅಡಿ. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು.

ಇಲ್ಲಿ ಲೀಟರ್ ಲೆಕ್ಕ ನಿಜಕ್ಕೂ ಬೇಕು. ಕಲಿಯುವವರು ತಮ್ಮ ತೂಕದ ಕಿಲೋ ಎಷ್ಟೋ ಅದಕ್ಕೆ 20–30 ಸೇರಿಸಿ ಅಷ್ಟು ಲೀಟರಿನ ಬೋರ್ಡ್ ತೆಗೆದುಕೊಂಡರೆ ನಿಂತು ಉಸಿರು ಬಿಡಬಹುದು. ರೆಕ್ಕೆ ದೊಡ್ಡದಿದ್ದರೆ ಬೇಗ ಏಳುತ್ತದೆ, ಆದರೆ ಮೇಲೆದ್ದ ಮೇಲೆ ನಿಧಾನ. ಚಿಕ್ಕದಾದರೆ ಇದಕ್ಕೆ ತದ್ವಿರುದ್ಧ. ಏಳುವುದೇ ದೊಡ್ಡ ತಲೆನೋವಾಗಿರುವವರಿಗೆ ದೊಡ್ಡದೇ ಇರಲಿ. ಉದ್ದ ಹೆಚ್ಚಿ ಅಗಲ ಕಡಿಮೆಯಿರುವ ರೆಕ್ಕೆ ಜಾಸ್ತಿ ದೂರ ಜಾರುತ್ತದೆ. ಕಂಬ 75 ಸೆಂ.ಮೀ.ಗಿಂತ ಗಿಡ್ಡವಾದರೆ ಅಲೆಯ ತಗ್ಗಿನಲ್ಲಿ ರೆಕ್ಕೆ ಗಾಳಿ ಕುಡಿದು ನಿಮ್ಮನ್ನು ಕೆಡವುತ್ತದೆ. ಹೆಲ್ಮೆಟ್ ಬೇಕೇ ಬೇಕು, ರೆಕ್ಕೆಯ ಅಂಚು ಚೂಪು.

ಹೊಸಬರು ಕೇಳುವ ಪ್ರಶ್ನೆ: ನೇರ ಫಾಯಿಲ್‌ಗೇ ಹೋದರೆ ಆಗದಾ? ಆಗುತ್ತದೆ. ಆದರೆ ಬಂಪ್ ಓದಲು ಬಾರದವರು ಫಾಯಿಲ್ ಹಿಡಿದು ನಡುನೀರಿಗೆ ಹೋದರೆ, ಏಳಲಾಗದೆ ಬಿದ್ದು ಬಿದ್ದು, ಸಣ್ಣ ಬೋರ್ಡ್ ಮೇಲೆ ಮಂಡಿಯೂರಿ ಹತ್ತು ಕಿ.ಮೀ. ಹುಟ್ಟು ಹಾಕಿಕೊಂಡು ಬರುತ್ತಾರೆ. 14 ಅಡಿಯ ಬೋರ್ಡ್ ಮೇಲೆ ಒಂದು ಋತು ಕಳೆದವರ ಕಾಲಿಗೆ ಅಲೆ ಎಲ್ಲಿ ಏಳುತ್ತದೆಂದು ಮೊದಲೇ ಗೊತ್ತಿರುತ್ತದೆ. ಅವರು ಫಾಯಿಲ್ ಕಲಿಯುವುದು ಬೇಗ.

ಕೊನೆಗೆ, ಯಾವ ಪಟ್ಟಿಯಲ್ಲೂ ಇರದ ಒಂದು ಸಾಮಾನು. ಡೌನ್‌ವಿಂಡ್‌ಗೆ ಎರಡು ಕಾರು ಬೇಕಾಗುತ್ತದೆ. ಒಂದನ್ನು ಮುಗಿಯುವ ಜಾಗದಲ್ಲಿ ಮೊದಲೇ ಬಿಟ್ಟು, ಎಲ್ಲರೂ ಇನ್ನೊಂದರಲ್ಲಿ ಹೊರಡುವ ಜಾಗಕ್ಕೆ ಬರುತ್ತಾರೆ. ಅಲ್ಲಿ ಬಟ್ಟೆ ಬದಲಿಸಿ, ಪ್ಯಾಂಟನ್ನು ಸೀಟಿನ ಮೇಲೆ ಎಸೆದು, ಬೋರ್ಡ್ ಹೊತ್ತು ನೀರಿಗೆ ಓಡುತ್ತಾರೆ. ಒಂದೂವರೆ ಗಂಟೆಯ ನಂತರ, ನಗುತ್ತಾ, ತೊಟ್ಟಿಕ್ಕುತ್ತಾ, ಕಾಲು ನಡುಗಿಸುತ್ತಾ ಆ ಕಡೆಯ ದಡಕ್ಕೆ ಬಂದು ಕಾರಿನ ಪಕ್ಕ ನಿಂತಾಗ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಈ ಕಾರಿನ ಕೀಲಿ ಪ್ಯಾಂಟಿನ ಜೇಬಿನಲ್ಲಿದೆ. ಪ್ಯಾಂಟ್ ಹದಿನೈದು ಕಿಲೋಮೀಟರ್ ಹಿಂದೆ, ಗಾಳಿ ಬರುತ್ತಿರುವ ಕಡೆ.